ಮೂರನೇ ಪಂದ್ಯದ ಭಾನುವಾರ

ಪೇಪರಿನಲ್ಲಿ ಸೊಸೆಯ ಫೋಟೋ ಬಂದ ದಿನ ಪಾರ್ವತವ್ವ ಒಂದು ರೊಟ್ಟಿ ಹೊತ್ತಿಸಿದಳು. ಆಕೆಯ ಹಂಚಿನ ಮೇಲೆ ರೊಟ್ಟಿ ಹೊತ್ತಿದ್ದನ್ನು ಮನೆಯವರು ಯಾರೂ ಅಷ್ಟಾಗಿ ಕಂಡವರಲ್ಲ.

ಪೇಪರ್ ಓದುತ್ತಿದ್ದವನು ಮಗ ಬಸವರಾಜ. ದಾಸನಕೊಪ್ಪದಲ್ಲಿ ಅವರದು ಹಿಟ್ಟಿನ ಗಿರಣಿ. ಅಪ್ಪ ಮಡಿವಾಳಪ್ಪ ಮತ್ತು ಅವನು ಸೇರಿ ನಡೆಸುತ್ತಿದ್ದರು. ಬೆಳಿಗ್ಗೆ ಗಿರಣಿ ತೆರೆಯಲು ಹೋದವನು ಬಸ್‌ಸ್ಟ್ಯಾಂಡಿನಲ್ಲಿ ಪೇಪರ್ ಕೊಂಡು ಹಾಗೇ ಮನೆಗೆ ವಾಪಸು ಬಂದಿದ್ದ.

"ಕೇಳ್ರಿ ಇಲ್ಲೆ," ಎಂದು ಅಡುಗೆಮನೆಯ ಹೊಸ್ತಿಲ ಮೇಲೆ ಕುಳಿತು ಜೋರಾಗಿ ಓದಿದ. "ಮೂರು ತಾಲೂಕುಗಳ ಮಹಿಳಾ ಬಾಸ್ಕೆಟ್‌ಬಾಲ್ ಫೈನಲ್‌ನ ಮೊದಲ ಪಂದ್ಯದಲ್ಲಿ ಶಿರಸಿ ತಂಡ ಸಿದ್ದಾಪುರವನ್ನು ಹನ್ನೊಂದು ಅಂಕಗಳಿಂದ ಮಣಿಸಿತು. ಇಪ್ಪತ್ತೇಳು ಅಂಕ ಗಳಿಸಿದ ಶಿವಲೀಲಾ ಪಂದ್ಯದ ತಾರೆ. ನಿಮ್ಮ ಆಟಕ್ಕೆ ಪ್ರೇರಣೆ ಯಾರು ಎಂದು ಕೇಳಿದಾಗ, ನಮ್ಮ ಅತ್ತೆಯವರು ಎಂದರು."

ರೊಟ್ಟಿ ಹೊತ್ತಿದ್ದು ಆಗ.

"ಯಾರಂತ?" ಎಂದಳು ಪಾರ್ವತವ್ವ.

"ನೀನ ಅಂತ ಯವ್ವಾ. ಅತ್ತೆಯವರು ಅಂತ ಬರದಾರ."

ಶಿವಲೀಲಾ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ಐದು ಅಡಿ ಹತ್ತು ಇಂಚಿನ ಹೆಣ್ಣುಮಗಳು, ಒಳಗೆ ಬರಬೇಕಾದರೆ ಹಿತ್ತಲ ಬಾಗಿಲಿಗೆ ತಲೆ ತಗ್ಗಿಸಬೇಕು. ಈಗ ತಗ್ಗಿಸಿಯೇ ನಿಂತಳು.

"ನನ್ನ ಹೆಸರ ಯಾಕ ಹೇಳಿದಿ?" ಪಾರ್ವತವ್ವ ಕೇಳಿದಳು. "ಆಡು ಅಂತ ನಾ ಯಾವತ್ತರ ಹೇಳೇನೇನ ನಿನಗ?"

"ಇಲ್ರಿ ಅತ್ತಿ."

"ಬ್ಯಾಡ ಅಂತ ಎಷ್ಟ ಸಲ ಹೇಳೇನಿ?"

"ಭಾಳ ಸಲ ಹೇಳೀರಿ."

"ಮತ್ತ?"

"ಅವ ಮೈಕ್ ಹಿಡಕೊಂಡ ನಿಂತಿದ್ದ. ಬಾಯಿಗೆ ಬಂದಿದ್ದ ಹೇಳಿಬಿಟ್ಟೆ."

ನಾದಿನಿ ಶಿಲ್ಪಾ ಬಾಯಿಗೆ ಸೆರಗು ಒತ್ತಿಕೊಳ್ಳುವುದಕ್ಕೆ ಸೆರಗಿಲ್ಲದೆ ದುಪಟ್ಟಾ ಒತ್ತಿಕೊಂಡು ನಗುತ್ತಿದ್ದಳು. ಬಿ.ಕಾಂ. ಕೊನೆಯ ವರ್ಷದ ಹುಡುಗಿ. ದಿನಾ ಶಿರಸಿಗೆ ಬಸ್ಸಿನಲ್ಲಿ ಹೋಗಿ ಬರುತ್ತಿದ್ದಳು. ಪಾರ್ವತವ್ವ ಹೊತ್ತಿದ ರೊಟ್ಟಿಯನ್ನು ಅವಳ ತಾಟಿಗೇ ಹಾಕಿದಳು.

ಆ ವಾರವೆಲ್ಲ ಗಿರಣಿಗೆ ಬಂದವರು ಪಾರ್ವತವ್ವನನ್ನು ಮಾತಾಡಿಸಿ ಹೋದರು. ಜೋಳ ಬೀಸಿಸಲು ಬಂದ ಶಂಭುಲಿಂಗ ಮಾಸ್ತರರಂತೂ ಕೈ ಮುಗಿದರು. "ಇಂಥ ಅತ್ತಿ ಇರಬೇಕ ನೋಡ್ರಿ. ನಮ್ಮ ಮನ್ಯಾಗ ಸೊಸಿ ಸೈಕಲ್ ಹತ್ತಿದ್ರ ಜಗಳ ಆಗತೈತಿ." ಪಾರ್ವತವ್ವ ಅವರ ಹಿಟ್ಟಿನ ಚೀಲದ ಬಾಯಿ ಬಿಗಿದು ಕಟ್ಟಿದಳು. ಮನೆಗೆ ಬಂದ ಮೇಲೆ ಸೊಸೆಯ ಜೊತೆ ಮಾತಾಡಲಿಲ್ಲ. ಬೇಕಾದ್ದನ್ನೆಲ್ಲ ಐದು ವರ್ಷದ ಮೊಮ್ಮಗಳು ಗೌರಿಯ ಮೂಲಕ ಹೇಳಿಸಿದಳು.

"ಅಮ್ಮಾ, ಆಯಿ ಕೇಳಾಕತ್ತಾಳ, ಎಮ್ಮಿಗೆ ಹಿಂಡಿ ಇಟ್ಟೀಯೋ ಇಲ್ಲೋ ಅಂತ."

"ಇಟ್ಟೀನಿ ಅಂತ ಹೇಳು."

ಶಿವಲೀಲಾ ಮತ್ತೆ ಆಡತೊಡಗಿ ಎರಡು ವರ್ಷವಾಗಿತ್ತು. ಶಿರಸಿಯ ನಿವೃತ್ತ ದೈಹಿಕ ಶಿಕ್ಷಕ ಮನೋಹರ ಒಮ್ಮೆ ಹಾವೇರಿಯಿಂದ ಬರುವಾಗ ಬ್ಯಾಡಗಿ ಮೆಣಸಿನಕಾಯಿ ಕುಟ್ಟಿಸಲು ಇದೇ ಗಿರಣಿಗೆ ಬಂದಿದ್ದರು. ಒಳಗೆ ಚೀಲ ಎತ್ತುತ್ತಿದ್ದವಳನ್ನು ನೋಡಿ, "ನೀನು ಧಾರವಾಡದ ಎಂಟನೇ ನಂಬರ್ ಹುಡುಗಿ ಅಲ್ವನೆ?" ಎಂದಿದ್ದರು. ಅವರು ಶಿರಸಿಯಲ್ಲಿ ಹೆಣ್ಣುಮಕ್ಕಳ ತಂಡ ಕಟ್ಟುತ್ತಿದ್ದರು. ಅಂದಿನಿಂದ ವಾರಕ್ಕೆ ಮೂರು ದಿನ ಶಿವಲೀಲಾ ನಸುಕಿನಲ್ಲಿ ಎದ್ದು, ಹಾಲು ಕರೆದು, ಎರಡು ಬುಟ್ಟಿ ರೊಟ್ಟಿಗೆ ಹಿಟ್ಟು ಸಾಣಿಸಿಟ್ಟು ಮೊದಲ ಬಸ್ಸಿಗೆ ಹೋಗುತ್ತಿದ್ದಳು. ಒಂಬತ್ತರೊಳಗೆ ವಾಪಸು ಬಂದು ಗಿರಣಿಗೆ ನಿಲ್ಲುತ್ತಿದ್ದಳು. ಈ ಎರಡು ವರ್ಷದಲ್ಲಿ ಒಂದು ದಿನವೂ ಮನೆಗೆಲಸ ಬಾಕಿ ಉಳಿಸಿರಲಿಲ್ಲ. ಪಾರ್ವತವ್ವನಿಗೆ ಜಗಳ ತೆಗೆಯಲು ಅದೊಂದೇ ತೊಂದರೆ.

ಎರಡನೇ ಪಂದ್ಯ ಸಿದ್ದಾಪುರದಲ್ಲಿ. ಮೂರರಲ್ಲಿ ಎರಡು ಗೆದ್ದವರಿಗೆ ಟ್ರೋಫಿ. ಅಂದರೆ ಅವತ್ತು ಗೆದ್ದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಮೂರನೇ ಕ್ವಾರ್ಟರಿನಲ್ಲೇ ಶಿವಲೀಲಾಳಿಗೆ ಐದನೇ ಫೌಲ್ ಬಿತ್ತು. ಐದಾದರೆ ಆಟಗಾರ್ತಿ ಹೊರಗೆ. ಐದಕ್ಕೆ ಐದೂ ಸಿದ್ದಾಪುರದ ನಾಯಕಿ ರೋಹಿಣಿಯ ಮೇಲೆ ಬಿದ್ದು ಮಾಡಿಕೊಂಡವು. ಉಳಿದ ಆಟವನ್ನು ಬೆಂಚಿನ ಮೇಲೆ ಕುಳಿತು ನೋಡಿದಳು. ನಾಲ್ಕು ಅಂಕಗಳಿಂದ ಸೋತರು.

ಆಟ ಮುಗಿದ ಮೇಲೆ ಎರಡೂ ತಂಡದವರು ಸಾಲಾಗಿ ಕೈ ಕುಲುಕಿದರು. ಶಿವಲೀಲಾಳ ಮುಂದೆ ಬಂದಾಗ ರೋಹಿಣಿ ಬೂಟಿನ ಲೇಸು ಕಟ್ಟಲು ಬಗ್ಗಿದಳು. ಕಟ್ಟಿ ಮುಗಿಯುವಷ್ಟರಲ್ಲಿ ಸಾಲು ಮುಂದೆ ಹೋಗಿತ್ತು.

"ಎಂತ ಆಗಿದೆ ನಿಂಗೆ?" ಎಂದು ಮನೋಹರ ಸರ್ ಬಸ್ಸಿನಲ್ಲಿ ಗದರಿದರು. "ಬೇರೆಯವರ ಹತ್ರ ಸರಿಯಾಗೇ ಆಡ್ತೆ. ಅವಳೊಬ್ಬಳು ಎದುರು ಬಂದ್ರೆ ತಲೆ ಕೆಡ್ತದೆ. ಅವಳು ನಿಂಗೆ ಎಂತ ಮಾಡಿದಾಳೆ?"

"ಅಕಿ ಏನೂ ಮಾಡಿಲ್ರಿ ಸರ್. ನಾನ ಮಾಡೇನಿ."

ಸರ್ ಮುಂದೆ ಕೇಳಲಿಲ್ಲ. "ಯಲ್ಲಾಪುರದಲ್ಲಿ ನೀನು ಕೊನೆವರೆಗೆ ಅಂಕಣದಲ್ಲಿ ಇರ್ಬೇಕು. ಅಷ್ಟೇ," ಎಂದರು. ಮೂರನೇ ಪಂದ್ಯ ಇಬ್ಬರ ಊರೂ ಅಲ್ಲದ ಯಲ್ಲಾಪುರದಲ್ಲಿ, ಮುಂದಿನ ತಿಂಗಳ ಮೊದಲ ಭಾನುವಾರ, ಮಧ್ಯಾಹ್ನ ಮೂರಕ್ಕೆ.

ಮರುದಿನ ಸಂಜೆ ಊಟಕ್ಕೆ ಕುಳಿತಾಗ ಪಾರ್ವತವ್ವ ಸುದ್ದಿ ತೆಗೆದಳು. ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಮೊಸರು. ಮಡಿವಾಳಪ್ಪನ ತಾಟಿಗೆ ಎಣ್ಣೆಗಾಯಿ ಹಾಕುತ್ತ, "ಶಿಲ್ಪಾನ್ನ ನೋಡಾಕ ಬರ್ತಾರ," ಎಂದಳು. "ಹಾವೇರಿಯವರು. ಹುಡುಗ ಕಾಲೇಜಿನ್ಯಾಗ ಲೆಕ್ಚರರ್. ಹತ್ತ ಮಂದಿ ಬರ್ತಾರ, ಊಟ ಇಲ್ಲೇ."

"ಯಾವತ್ತು?" ಎಂದು ಮಡಿವಾಳಪ್ಪ ಕೇಳಿದ.

"ಬರೋ ತಿಂಗಳ ಮೊದಲನೇ ಐತವಾರ."

ಬಸವರಾಜ ತಲೆ ಎತ್ತಿ ಹೆಂಡತಿಯನ್ನು ನೋಡಿದ. ಅವಳು ಗೌರಿಗೆ ರೊಟ್ಟಿ ಮುರಿದು ಮೊಸರಿನಲ್ಲಿ ನೆನೆಸುತ್ತಿದ್ದಳು.

"ಯವ್ವಾ, ಅವತ್ತ ಯಲ್ಲಾಪುರದಾಗ ಇವಳ ಫೈನಲ್ ಐತಿ," ಎಂದ ಬಸವರಾಜ.

"ಇರಲಿ. ಮನೀ ಮಗಳ ಕಾರ್ಯಕ್ಕಿಂತ ದೊಡ್ಡದೇನ ಅದು?"

"ನನ್ನ ಕೇಳಿದೇನ ಯವ್ವಾ?" ಎಂದಳು ಶಿಲ್ಪಾ.

"ನಿನ್ನ ಕೇಳೂದೇನೈತಿ? ನೋಡಿ ಹೋಗ್ತಾರ."

"ಅತ್ತಿ," ಎಂದಳು ಶಿವಲೀಲಾ, "ಅಡಗಿ ಎಲ್ಲಾ ಮುಂಜಾನಿ ಒಳಗ ಮಾಡಿಡ್ತೀನಿ. ಮನಿ ಸಾರಿಸಿ ಇಡ್ತೀನಿ. ಹತ್ತ ಗಂಟೆ ಬಸ್ಸಿಗೆ ನಾ ಹೋಗ್ತೀನಿ."

"ಬೀಗರು ಬಂದಾಗ ಇದ್ದೊಬ್ಬ ಸೊಸಿ ಮನ್ಯಾಗ ಇಲ್ಲಂದ್ರ ಏನಂತಾರ?"

"ಏನರ ಅನ್ನಲಿ. ನಾ ಹೋಗ್ತೀನಿ."

ಏಳು ವರ್ಷದಲ್ಲಿ ಸೊಸೆ ಅಂಥ ಮಾತು ಆಡಿದ್ದು ಮೊದಲ ಸಲ. ಬಸವರಾಜ ನಡುವೆ ಬಾಯಿ ಹಾಕಿ, "ಅವರಿಗೆ ಸಂಜಿಗೆ ಬರ್ರಿ ಅಂದ್ರ..." ಎಂದ. ಪಾರ್ವತವ್ವ ಸೌಟನ್ನು ಪಾತ್ರೆಯಲ್ಲಿ ಬಿಟ್ಟಳು.

"ನೀ ಸುಮ್ನಿರು. ನಾ ಇಕಿನ್ನ ಕೇಳಾಕತ್ತೇನಿ. ಯಾಕ ಆಡ್ತೀ? ಪಗಾರ ಕೊಡ್ತಾರ? ನೌಕರಿ ಕೊಡ್ತಾರ? ಪೇಪರಿನವರಿಗೆ ಸುಳ್ಳ ಹೇಳಿದಿ. ನನಗರ ಖರೇ ಹೇಳು. ಎದಕ್ಕ ಇಷ್ಟ ಹಟ?"

ಶಿವಲೀಲಾ ಗೌರಿಯ ಕೈಬಾಯಿ ಒರೆಸಿದಳು. ಮಗು ಎದ್ದು ಹೊರಗೆ ಹೋಗುವವರೆಗೆ ಕಾದಳು.

"ಧಾರವಾಡದಾಗ ನಾನು, ರೋಹಿಣಿ ಒಂದ ರೂಮಿನ್ಯಾಗ ಇದ್ವಿ. ಇಲ್ಲೇ ಸಿದ್ದಾಪುರ ಕಡೆ ಬಿಳಗಿಯಾಕಿ. ಈಗ ಸಿದ್ದಾಪುರದ ಕ್ಯಾಪ್ಟನ್ ಅಕಿನ. ಕೊನೀ ವರ್ಷ ಕಾಲೇಜಿನ ಫೈನಲ್ ಇತ್ತು. ನಮ್ಮ ತಂಡದಾಗ ಇಬ್ಬರಿಗೆ ಜ್ವರ, ಆಡಾವ್ರು ಬರೇ ಐದ ಮಂದಿ. ಅರ್ಧ ಆಟ ಮುಗದಾಗ ಆರು ಅಂಕ ಮುಂದಿದ್ವಿ. ಆವಾಗ ಅಪ್ಪ, ಕಾಕಾ ಜೀಪ್ ತಗೊಂಡ ಬಂದ್ರು. ಸಂಜಿಗೆ ನೋಡಾಕ ಬರ್ತಾರ, ಈಗಿಂದೀಗ ನಡಿ ಅಂದ್ರು. ಆಟದ ಅಂಗೀ ಮ್ಯಾಲ ಹೋದೆ. ರೋಹಿಣಿ ನೀರ ತರಾಕ ಹೋಗಿದ್ಲು. ಅಕಿಗೆ ಹೇಳಲಿಲ್ಲ. ನಾಕ ಮಂದಿ ಆಡಿ ಸೋತ್ರು. ಹತ್ತೊಂಬತ್ತ ಅಂಕದಿಂದ."

"ಅಪ್ಪ ಕರದ್ರ ಬರಬೇಕಲ್ಲ ಮತ್ತ," ಎಂದಳು ಪಾರ್ವತವ್ವ.

"ಬಂದೆ. ಅಪ್ಪನ ಮ್ಯಾಲ ಸಿಟ್ಟಿಲ್ಲ, ಯಾರ ಮ್ಯಾಲೂ ಇಲ್ಲ. ಒಂದ ಮಾತ ಹೇಳಿ ಬರೂ ಅಷ್ಟ ಧೈರ್ಯ ನನಗ ಇರಲಿಲ್ಲ. ಅವತ್ತಿಂದ ಅಕಿ ನನ್ನ ಜೋಡಿ ಮಾತಾಡಿಲ್ಲ. ಒಂದ ಫೈನಲ್ ಕೊನೀ ಸೀಟಿ ಆಗೂತನಕ ನಾ ನಿಂತ ಆಡಬೇಕ್ರಿ ಅತ್ತಿ. ಗೆಲ್ಲಲಿ, ಸೋಲಲಿ. ಅಷ್ಟ ನನ್ನ ಹಟ."

ಮಡಿವಾಳಪ್ಪ ಊಟ ಮಾಡುವಾಗ ಮಾತಾಡುವವನಲ್ಲ. ಈಗ ತಾಟಿನಿಂದ ಕೈ ಎತ್ತಿದ.

"ಅವತ್ತ ನೋಡಾಕ ಹೋಗಿದ್ದು ನಾವ ಅಲ್ಲೇನ?"

ಪಾರ್ವತವ್ವ ಬಿಟ್ಟಿದ್ದ ಸೌಟನ್ನು ಮತ್ತೆ ಕೈಗೆತ್ತಿಕೊಂಡಳು.

"ಇವರಪ್ಪ ಎರಡ ಸಲ ಫೋನ್ ಮಾಡಿದ್ದ," ಎಂದ ಮಡಿವಾಳಪ್ಪ. "ಮಗಳಿಗೆ ಕಾಲೇಜಿನ್ಯಾಗ ಏನೋ ಕೆಲಸ ಐತಿ, ಶನಿವಾರ ಬರ್ರಿ ಅಂತ. ಶುಕ್ರವಾರ ಬಿಟ್ರ ಗಿರಣಿಗೆ ಸೂಟಿ ಇಲ್ಲ, ಶುಕ್ರವಾರಾನ ಬರಾವ್ರು ಅಂತ ನೀನ ಹೇಳಿದಿ."

"ಆಟ ಐತಿ ಅಂತ ನನಗೇನ ಗೊತ್ತಿತ್ತು?" ಎಂದಳು ಪಾರ್ವತವ್ವ. ಆದರೆ ದನಿ ಮೊದಲಿನಷ್ಟು ಏರಲಿಲ್ಲ.

"ಗೊತ್ತಿಲ್ಲ ಬಿಡ್ರಿ," ಎಂದು ಶಿವಲೀಲಾ ತಾಟುಗಳನ್ನು ಒಂದರ ಮೇಲೊಂದು ಇಟ್ಟುಕೊಂಡು ಎದ್ದಳು. "ನಿಮ್ಮ ತಪ್ಪಂತ ನಾ ಹೇಳಿಲ್ಲ."

ಮರುದಿನ ಮಧ್ಯಾಹ್ನ ಗಿರಣಿಯಲ್ಲಿ ಗಿರಾಕಿ ಇಲ್ಲದ ಹೊತ್ತಿನಲ್ಲಿ ಪಾರ್ವತವ್ವ ಶಿಲ್ಪಾಳಿಂದ ಫೋನ್ ಹಚ್ಚಿಸಿಕೊಂಡು ಹಾವೇರಿಯವರ ಜೊತೆ ಮಾತಾಡಿದಳು. ಮೊದಲು ಆರೋಗ್ಯ, ಮಳೆ, ಬೆಳೆ. ಆಮೇಲೆ, "ಒಂದ ವಾರ ಮುಂದ ಹಾಕಿದ್ರ ಹೆಂಗ್ರಿ? ನಮ್ಮ ಸೊಸಿದು ಒಂದ ಕೆಲಸ ಐತಿ," ಎಂದಳು. ಆ ಕಡೆಯಿಂದ ಹುಡುಗನ ತಾಯಿ ಹೇಳಿದ್ದು ಪಕ್ಕದಲ್ಲಿದ್ದ ಶಿಲ್ಪಾಳಿಗೂ ಕೇಳಿಸಿತು. "ಆ ಐತವಾರ ಬಿಟ್ರ ನಮಗ ಆಗೂದಿಲ್ರಿ. ಸೊಸಿದೇನ ಕೆಲಸ? ನೋಡೂ ಹುಡುಗಿ ಮನ್ಯಾಗ ಇದ್ರ ಸಾಕು."

ಪಾರ್ವತವ್ವ "ಆತ ಬರ್ರಿ" ಎಂದು ಫೋನ್ ಮಗಳ ಕೈಗೆ ಕೊಟ್ಟಳು. ಗಿರಣಿಯ ಕಟ್ಟೆಯ ಮೇಲೆ ಕುಳಿತಳು.

"ನಾನೂ ಹಿಂಗ ಮಾತಾಡಿದ್ನೇನ?" ಎಂದು ಕೇಳಿದಳು.

"ನನಗೇನ ಗೊತ್ತವ್ವ. ನಾ ಆವಾಗ ಎಂಟನೇತ್ತೆ."

ಮೂರು ದಿನ ಆ ವಿಷಯ ಎತ್ತಲಿಲ್ಲ. ನಾಲ್ಕನೇ ದಿನ ಶಿವಲೀಲಾ ಎಮ್ಮೆ ಕರೆಯುತ್ತಿದ್ದಾಗ ಕೊಟ್ಟಿಗೆಯ ಬಾಗಿಲಲ್ಲಿ ನಿಂತು ನೇರವಾಗಿ ಮಾತಾಡಿದಳು. ಗೌರಿಯನ್ನು ಕಳಿಸಲಿಲ್ಲ.

"ಎಷ್ಟಕ್ಕ ಹೋಗಬೇಕ ಅಂದಿ?"

"ಹತ್ತಕ್ಕ."

"ಹೋಳಿಗಿ ಹೂರಣ ಹಿಂದಿನ ದಿನಾನ ರುಬ್ಬಿಡು. ಲಟ್ಟಸಾಕ ನಾ ಅದೀನಿ. ಪಲ್ಯ, ಕಟ್ಟಿನ ಸಾರು ನೀನ ಮಾಡಿಟ್ಟ ಹೋಗು, ನಿನ್ನ ಕೈಯಾಂದ ಚಲೋ ಇರತೈತಿ."

ಅದು ಒಪ್ಪಿಗೆಯೋ ಅಲ್ಲವೋ ಶಿವಲೀಲಾ ಕೇಳಲು ಹೋಗಲಿಲ್ಲ. "ಹೂಂನ್ರಿ," ಎಂದಳು.

ಆ ಭಾನುವಾರ ಅವಳು ಮೂರೂವರೆಗೆ ಎದ್ದಳು. ಹತ್ತಕ್ಕೆ ಐದು ನಿಮಿಷ ಇರುವಾಗ ಕಟ್ಟಿನ ಸಾರು ಒಗ್ಗರಣೆಯಾಗಿ ಮುಚ್ಚಿಟ್ಟಾಗಿತ್ತು, ಹೆಸರುಕಾಳಿನ ಪಲ್ಯ, ಕೋಸಂಬರಿ, ಶೇಂಗಾ ಚಟ್ನಿ ಸಾಲಾಗಿ ಇದ್ದವು. ಶಿಲ್ಪಾ ಅತ್ತಿಗೆಯ ಚೀಲವನ್ನು ಬಾಗಿಲ ತನಕ ತಂದುಕೊಟ್ಟಳು.

"ವೈನಿ, ನನಗ ಜೂನಿನ್ಯಾಗ ಪರೀಕ್ಷೆ ಐತಿ. ಅವರು ಲಗೂನ ಮದ್ವಿ ಅಂದ್ರ ಏನ ಮಾಡ್ಲಿ?"

"ಬಾಯಿ ಬಿಟ್ಟ ಹೇಳು," ಎಂದಳು ಶಿವಲೀಲಾ. "ನನ್ನಂಗ ಸುಮ್ನ ಜೀಪ್ ಹತ್ತಬ್ಯಾಡ."

ಹನ್ನೊಂದೂವರೆಗೆ ಹಾವೇರಿಯವರು ಬಂದರು. ಬಸವರಾಜ ಸೊಂಟಕ್ಕೆ ಟವೆಲ್ ಸುತ್ತಿಕೊಂಡು ಹೋಳಿಗೆ ಬೇಯಿಸುತ್ತಿದ್ದುದನ್ನು ಹುಡುಗನ ತಾಯಿ ನೋಡಿದಳು. "ಸೊಸಿ ಎಲ್ಲೆ?" ಎಂದು ಕೇಳಿದಳು.

"ಯಲ್ಲಾಪುರಕ್ಕ ಹೋಗ್ಯಾಳ್ರಿ. ಫೈನಲ್ ಐತಿ."

"ಮನೀಗೆ ಮಂದಿ ಬರೋ ದಿನಾ ಆಡಾಕ?"

"ಹೌದ್ರಿ. ಅಡಗಿ ಮಾಡಿಟ್ಟ ಹೋಗ್ಯಾಳ. ಉಂಡ ನೋಡ್ರಿ."

ಉಂಡರು, ಸಾರು ಎರಡೆರಡು ಸಲ ಹಾಕಿಸಿಕೊಂಡರು. ಹುಡುಗಿ ಮೆಚ್ಚುಗೆಯಾದಳು ಎಂದು ಅಲ್ಲೇ ಹೇಳಿದರು. "ವೈಶಾಖದಾಗ ಮದ್ವಿ ಮುಗಿಸಿಬಿಡೂಣು. ಪರೀಕ್ಷೆ ಆಮ್ಯಾಲ ಯಾವಾಗರ ಬರೀಬಹುದು," ಎಂದಳು ಹುಡುಗನ ತಾಯಿ. ಶಿಲ್ಪಾ ತಲೆ ತಗ್ಗಿಸಿ ಕುಳಿತವಳು ಎತ್ತಿದಳು. "ನಾ ಪರೀಕ್ಷೆ ಬರದ ಮದ್ವಿ ಆಗಾಕಿ," ಎಂದಳು. ಎಲ್ಲರಿಗೂ ಕೇಳಿಸಿತು. ಹುಡುಗನ ತಾಯಿ ಪಾರ್ವತವ್ವನನ್ನು ನೋಡಿದಳು. ಪಾರ್ವತವ್ವ ಎಲೆ ಅಡಿಕೆಯ ತಾಟನ್ನು ಮುಂದೆ ಸರಿಸಿದಳು. "ಮನ್ಯಾಗ ಮಾತಾಡಿ ಸಂಜಿಕ ಹೇಳತೀವ್ರಿ," ಎಂದಳು.

ಅಷ್ಟು ಹೊತ್ತಿಗೆ ಯಲ್ಲಾಪುರದ ಸಿಮೆಂಟು ಅಂಕಣದ ಮೇಲೆ ಶಿವಲೀಲಾ ಮೈ ಬಿಸಿ ಮಾಡಿಕೊಳ್ಳುತ್ತಿದ್ದಳು. ವಜ್ರಳ್ಳಿ ಕಡೆಯಿಂದಲೂ ಜನ ಬಂದಿದ್ದರು. ಕುಳಿತುಕೊಳ್ಳಲು ಜಾಗವಿಲ್ಲದೆ ಹುಡುಗರು ಕಂಪೌಂಡು ಏರಿದ್ದರು.

ಮೊದಲ ಎರಡು ಕ್ವಾರ್ಟರ್ ಅವಳು ಹುಷಾರಾಗಿ ಆಡಿದಳು. ಆದರೂ ಮೂರನೆಯದು ಮುಗಿಯುವಾಗ ಲೆಕ್ಕಕ್ಕೆ ನಾಲ್ಕು ಫೌಲ್ ಆಗಿದ್ದವು. ಮನೋಹರ ಸರ್ ಅವಳನ್ನು ಹೊರಗೆ ಕರೆದು ಕೂರಿಸಿದರು.

"ಐದು ನಿಮಿಷ ಇದ್ದಾಗ ಇಳಿಸ್ತೆ. ಅಲ್ಲಿವರೆಗೆ ಕುತ್ಕ."

"ಸರ್, ಹೊರಗ ಕುಂದ್ರಸಬ್ಯಾಡ್ರಿ."

"ಕುತ್ಕ ಅಂದೆ. ಇನ್ನೊಂದು ಆದ್ರೆ ಆಟ ಮುಗೀತು ನಿಂದು."

ಟವೆಲನ್ನು ಎರಡೂ ಕೈಯಲ್ಲಿ ಹಿಂಡುತ್ತ ಕುಳಿತಳು. ಶಿರಸಿ ಏಳು ಅಂಕ ಹಿಂದೆ ಬಿತ್ತು. ಐದು ನಿಮಿಷ ಇರುವಾಗ ಇಳಿದಳು. ಇಳಿದವಳೇ ರಿಂಗಿನ ಎಡಗಡೆಯಿಂದ ಎರಡು ಸಲ ಹಾಕಿದಳು. ಆಮೇಲೆ ಮೂವರು ತನ್ನನ್ನೇ ಸುತ್ತುವರಿದಾಗ ಚೆಂಡನ್ನು ಮೂಲೆಯಲ್ಲಿದ್ದ ಹುಡುಗಿ ದೇವಿಗೆ ದಾಟಿಸಿದಳು. ದೇವಿ ಮೂರು ಅಂಕದ ಗೆರೆಯ ಆಚೆಯಿಂದಲೇ ಎಸೆದಳು. ಬಿತ್ತು. ಲೆಕ್ಕ ಸಮ. ಮತ್ತೆ ಸಿದ್ದಾಪುರ ಎರಡು, ಶಿರಸಿ ಮೂರು. ಐವತ್ತೆಂಟು, ಐವತ್ತೇಳು. ಒಂದು ಅಂಕ ಮುಂದೆ. ಒಂಬತ್ತು ಸೆಕೆಂಡು ಉಳಿದಿತ್ತು. ಚೆಂಡು ರೋಹಿಣಿಯ ಕೈಯಲ್ಲಿ.

ರೋಹಿಣಿ ನೇರವಾಗಿ ಬಂದಳು. ಧಾರವಾಡದಲ್ಲಿ ಎಷ್ಟೋ ಬೆಳಗು ಇಬ್ಬರೂ ಒಟ್ಟಿಗೆ ಅಭ್ಯಾಸ ಮಾಡಿದ ಅದೇ ಓಟ: ಎರಡು ಹೆಜ್ಜೆ ಬಲಕ್ಕೆ, ಒಂದು ಎಡಕ್ಕೆ, ಜಿಗಿತ. "ಬಿಡು, ಮುಟ್ಟಬೇಡ!" ಎಂದು ಬೆಂಚಿನಿಂದ ಮನೋಹರ ಸರ್ ಕೂಗಿದರು. ಬಿಟ್ಟರೆ ಅವಳು ಅಂಕಣದಲ್ಲಿ ಉಳಿಯುತ್ತಾಳೆ, ಚೆಂಡು ರಿಂಗಿಗೆ ಬೀಳುತ್ತದೆ. ತಡೆಯಲು ಹೋಗಿ ಐದನೇ ಫೌಲ್ ಆದರೆ ಒಂಬತ್ತು ಸೆಕೆಂಡು ಇರುವಾಗ ಮತ್ತೆ ಹೊರಗೆ.

ಶಿವಲೀಲಾ ಎಡಕ್ಕೆ ಹೆಜ್ಜೆ ಇಟ್ಟು ದಾರಿಗೆ ಅಡ್ಡ ನಿಂತಳು. ಎರಡೂ ಕೈ ಮೇಲೆತ್ತಿ ಕಾಲನ್ನು ನೆಲಕ್ಕೆ ಊರಿದಳು. ಜಿಗಿಯಲಿಲ್ಲ, ಬಗ್ಗಲಿಲ್ಲ. ರೋಹಿಣಿಯ ಭುಜ ಎದೆಗೆ ಬಡಿಯಿತು. ಇಬ್ಬರೂ ಸಿಮೆಂಟಿನ ಮೇಲೆ ಬಿದ್ದರು. ಸೀಟಿ ಊದಿತು.

ಅಂಗಾತ ಬಿದ್ದಲ್ಲಿಂದ ಶಿವಲೀಲಾ ರೆಫರಿಯ ಕೈಯನ್ನೇ ನೋಡಿದಳು. ಆ ಕೈ ಸಿದ್ದಾಪುರದ ಕಡೆ ತೋರಿಸಿತು. ನಿಂತವಳ ಮೇಲೆ ನುಗ್ಗಿದ ಫೌಲ್, ರೋಹಿಣಿಯದು. ಶಿರಸಿಗೆ ಚೆಂಡು. ದೇವಿ ಅದನ್ನು ಎದೆಗೆ ಅಪ್ಪಿಕೊಂಡು ಉಳಿದ ಸೆಕೆಂಡುಗಳನ್ನು ಕಳೆದಳು. ಕೊನೆಯ ಸೀಟಿ ಊದಿದಾಗ ಶಿವಲೀಲಾ ಅಂಕಣದ ನಡುವೆ, ಮೊಣಕೈಯಿಂದ ರಕ್ತ ಸೋರಿಸುತ್ತ, ತನ್ನ ಎರಡು ಕಾಲ ಮೇಲೆ ನಿಂತಿದ್ದಳು.

ಹುಡುಗಿಯರು ಅವಳನ್ನು ಎತ್ತಲು ಓಡಿ ಬಂದರು. ಅವಳು ಅವರಿಂದ ಬಿಡಿಸಿಕೊಂಡು ಸಿದ್ದಾಪುರದ ಬೆಂಚಿನ ಹತ್ತಿರ ಹೋದಳು. ರೋಹಿಣಿ ನೆಲದ ಮೇಲೆ ಕಾಲು ಚಾಚಿ ಕುಳಿತಿದ್ದಳು. ಶಿವಲೀಲಾ ಕೈ ಚಾಚಿದಳು.

"ಕೈ ಬ್ಯಾಡ," ಎಂದಳು ರೋಹಿಣಿ. "ನೀರು ಕೊಡು."

ಶಿವಲೀಲಾ ಬಾಟಲಿ ತಂದು ಕೊಟ್ಟಳು, ಪಕ್ಕದಲ್ಲೇ ಕುಳಿತಳು. ರೋಹಿಣಿ ಅರ್ಧ ಬಾಟಲಿ ಕುಡಿದಳು.

"ಅವತ್ತ ನಿನಗ ಹೇಳದ ಹೋದೆ," ಎಂದಳು ಶಿವಲೀಲಾ. "ತಪ್ಪಾತು. ಏಳ ವರ್ಷದಿಂದ ಹೇಳಬೇಕಂತ ಇದ್ದೆ."

"ಫೋನ್ ಮಾಡಿದ್ರೆ ಆಗಿತ್ತು."

"ಫೋನಿನ್ಯಾಗ ಹೇಳೂ ಮಾತಲ್ಲ ಅದು."

"ಹೌದು, ಫೋನಿನ ಮಾತಲ್ಲ," ಎಂದು ರೋಹಿಣಿ ಒಪ್ಪಿದಳು. "ಹೇಳಿದ್ರೆ ನಾವು ನಾಕು ಜನ ಜೀಪಿಗೆ ಅಡ್ಡ ಮಲಗ್ತಿದ್ವು, ಗೊತ್ತಾ? ಎಂತಕ್ಕೆ ಹೇಳಲಿಲ್ಲ ಅಂತ ಅದೇ ಬೇಜಾರು. ಸೋತಿದ್ದಕ್ಕಲ್ಲ." ಆಮೇಲೆ ಅವಳ ಮೊಣಕೈ ಹಿಡಿದು ತಿರುಗಿಸಿ ನೋಡಿದಳು. ಉಳಿದ ನೀರನ್ನು ಗಾಯದ ಮೇಲೆ ಸುರಿದಳು. "ಉರೀತದಾ?"

"ಹೂಂ."

"ಉರೀಲಿ."

ಶಿವಲೀಲಾ ಮನೆ ಸೇರಿದಾಗ ಎಂಟು ಗಂಟೆ. ಗೌರಿ ಟ್ರೋಫಿಯನ್ನು ಕೇಳಿದಳು. ಅದು ಮನೋಹರ ಸರ್ ಹತ್ತಿರ ಇದೆ ಎಂದಾಗ ಮುಖ ಸಣ್ಣ ಮಾಡಿದಳು. ಬಸವರಾಜ ಗಾಯಕ್ಕೆ ಅರಿಶಿನ ಹಚ್ಚಿದ. ಸುಟ್ಟ ಬೆರಳುಗಳನ್ನು ತೋರಿಸಿ, "ನಾನೂ ಇವತ್ತ ಆಡೇನಿ," ಎಂದ. ಮಡಿವಾಳಪ್ಪ ಅಂಕಗಳನ್ನು ಎರಡು ಸಲ ಕೇಳಿಸಿಕೊಂಡ.

ಪಾರ್ವತವ್ವ ತಾಟು ಹಾಕಿದಳು. ಸೊಸೆ ಬಡಿಸಿಕೊಳ್ಳಲು ಹೋದಾಗ ಸೌಟು ಕೊಡಲಿಲ್ಲ, ತಾನೇ ಬಡಿಸಿದಳು. ಹೋಳಿಗೆಗೆ ತುಪ್ಪ ಸುರಿದಳು.

"ಹಾವೇರಿಯವರು ಏನಂದ್ರು ಅತ್ತಿ?"

"ಹುಡುಗಿ ಒಪ್ಪಿಗಿ ಅಂದ್ರು. ವೈಶಾಖದಾಗ ಮದ್ವಿ, ಪರೀಕ್ಷೆ ಆಮ್ಯಾಲ ಅಂದ್ರು."

ಶಿವಲೀಲಾಳ ಕೈ ತಾಟಿನಲ್ಲೇ ನಿಂತಿತು. ಬಾಗಿಲ ಬಳಿ ಶಿಲ್ಪಾ ಗೋಡೆಗೆ ಒರಗಿ ನಿಂತಿದ್ದಳು.

"ನೀವೇನಂದ್ರಿ?"

"ಸಂಜಿಕ ಫೋನ್ ಮಾಡಿದೆ. ಹುಡುಗಿ ಪರೀಕ್ಷೆ ಬರದ ಮ್ಯಾಲ ನಿಶ್ಚಯ, ಆಮ್ಯಾಲ ಅಕಿನ್ನ ಕೇಳಿ ತಾರೀಖು ಅಂದೆ. ಹುಡುಗನ ತಾಯಿ, ಹಂಗಾದ್ರ ವಿಚಾರ ಮಾಡಬೇಕಾಗತೈತಿ ಅಂದ್ಲು. ಮಾಡ್ರಿ ಅಂದೆ." ಪಾರ್ವತವ್ವ ತುಪ್ಪದ ಗಿಂಡಿಯನ್ನು ಕೆಳಗಿಟ್ಟು ಇನ್ನೊಂದು ಹೋಳಿಗೆ ತೆಗೆದಳು. "ಬಂದ್ರ ಬರಲಿ, ಬಿಟ್ರ ಬಿಡಲಿ. ನಡುವ ಎಬ್ಬಿಸಿ ಒಯ್ಯೂದು ಈ ಮನ್ಯಾಗ ಇನ್ನ ಇಲ್ಲ. ನೀ ಉಣ್ಣು, ಆರತೈತಿ."